ನಲವತ್ತೊಂದನೆಯ ಪುಟ

ಮೇಡಂ ಆರೋಪಿಗಳ ಹೆಸರು ಓದುವುದಿಲ್ಲ. ಸರ್ಕಾರಿ ವಕೀಲರಾಗಿದ್ದ ಅವರ ಕಚೇರಿಗೆ ಟೈಪಿಸ್ಟ್ ಆಗಿ ಸೇರಿದ ದಿನ ನನಗೆ ಮೊದಲು ಹೇಳಿಕೊಟ್ಟದ್ದು ಇದನ್ನೇ. ಪೊಲೀಸರು ತನಿಖೆ ಮುಗಿಸಿ ಕಡತ ಕಳಿಸಿದರೆ ಅದರ ಜೆರಾಕ್ಸ್ ಪ್ರತಿ ತೆಗೆಯಬೇಕು. ಆ ಪ್ರತಿಯಲ್ಲಿ ಆರೋಪಿಯ ಹೆಸರು, ಹುದ್ದೆ, ಪಕ್ಷ ಬಂದಲ್ಲೆಲ್ಲ ಬಿಳಿ ಕಾಗದದ ಪಟ್ಟಿ ಅಂಟಿಸಿ ಅದರ ಮೇಲೆ ಒಂದು, ಎರಡು, ಮೂರು ಎಂದು ಸಂಖ್ಯೆ ಬರೆಯಬೇಕು. ಮೇಡಂ ಓದಿ, ಒಂದನೆಯವರ ಮೇಲೆ ಮೊಕದ್ದಮೆ ಹೂಡಬಹುದು, ಎರಡನೆಯವರ ಮೇಲೆ ಸಾಕ್ಷ್ಯ ಸಾಲದು ಎಂದು ಸಹಿ ಹಾಕಿದ ಮೇಲೆಯೇ ಪಟ್ಟಿ ಕೀಳುವುದು.

ಕಚೇರಿಯಲ್ಲಿ ಅವರಿಗೆ ಅಂಟು ಮೇಡಂ ಎಂದೇ ಹೆಸರು. ಎದುರು ಕೋಣೆಯ ಇನ್ನೊಬ್ಬ ಸರ್ಕಾರಿ ವಕೀಲರಂತೂ ಬಾಗಿಲಲ್ಲಿ ನಿಂತು ಕಾಲೆಳೆಯುತ್ತಿದ್ದರು. "ಏನ್ ಮೇಡಂ, ಕಣ್ಣಾಮುಚ್ಚಾಲೆ ಎಲ್ಲಿಗ್ ಬಂತು? ಇದು ಯಾರ ಕಥೆ ಅಂತ ಪೇಪರ್ ಓದೋ ಮಕ್ಕಳಿಗೂ ಗೊತ್ತಾಗುತ್ತೆ."

"ಊಹೆ ನಂಗೂ ಬರುತ್ತೆ ಸಾರ್. ಊಹೆಗೆ ನಾನು ಸಹಿ ಹಾಕಲ್ಲ, ಅಷ್ಟೇ," ಎನ್ನುತ್ತಿದ್ದರು ಮೇಡಂ, ತಲೆ ಎತ್ತದೆ.

ಪೊಲೀಸ್ ನೇಮಕಾತಿಯ ಪ್ರಶ್ನೆಪತ್ರಿಕೆ ಪರೀಕ್ಷೆಗೆ ಮೊದಲೇ ಮಾರಾಟವಾದ ಹಗರಣದ ಕಡತ ಬಂದಾಗಲೂ ಹಾಗೆಯೇ ನಡೆಯಿತು. ಇನ್ನೂರ ಹನ್ನೆರಡು ಪುಟ. ಎರಡು ದಿನ ಕೂತು ಪಟ್ಟಿ ಅಂಟಿಸಿದೆ. ಬೆರಳುಗಳು ಒಂದಕ್ಕೊಂದು ಮೆತ್ತಿಕೊಂಡು, ಮನೆಯಲ್ಲಿ ಊಟಕ್ಕೆ ಕೂತಾಗಲೂ ಕೆರೆದುಕೊಳ್ಳುತ್ತಿದ್ದೆ. ಹತ್ತು ದಿನದ ಮೇಲೆ ಮೇಡಂ ಬರೆದರು: ಒಂದನೆಯವರ ಮೇಲೆ ಮೊಕದ್ದಮೆ ಹೂಡಿ. ಪಟ್ಟಿ ಕಿತ್ತರೆ ಒಂದನೆಯವರು ಅಧಿಕಾರದಲ್ಲಿದ್ದ ಮಂತ್ರಿ.

ನಮ್ಮ ಇಲಾಖೆಯ ನಿರ್ದೇಶಕರ ಕುರ್ಚಿಗೆ ಹಿಂದಿನ ತಿಂಗಳಷ್ಟೇ ಹೊಸ ಸಾಹೇಬರು ಬಂದಿದ್ದರು. ಅದಕ್ಕೂ ಮೊದಲು ಅವರು ಮಂತ್ರಿಯ ಪಕ್ಷದ ವಕೀಲರು. ಮೇಡಂ ಅಭಿಪ್ರಾಯ ಬರೆದ ಮೂರನೇ ದಿನ, ಶುಕ್ರವಾರ, ನನಗೆ ಅವರಿಂದ ಕರೆ ಬಂತು. ಮೇಜಿನ ಮೇಲೆ ನಾನೇ ಅಂಟಿಸಿದ ಪ್ರತಿ ತೆರೆದಿತ್ತು. ಪುಟ ನಲವತ್ತೊಂದು. ಪಟ್ಟಿ ಕಿತ್ತ ಜಾಗಗಳಲ್ಲೆಲ್ಲ ಅಂಟಿನ ಕಲೆಯಿತ್ತು. ಕೆಳಗಿನಿಂದ ಮೂರನೇ ಸಾಲಿನಲ್ಲಿ ಮಾತ್ರ ಕಲೆಯೇ ಇಲ್ಲದೆ ಮಂತ್ರಿಯ ಹೆಸರು, ಇನಿಷಿಯಲ್ ಸಮೇತ, ಬೆತ್ತಲೆಯಾಗಿ ಕೂತಿತ್ತು. ಆ ಸಾಲಿಗೆ ನಾನು ಪಟ್ಟಿಯನ್ನೇ ಅಂಟಿಸಿರಲಿಲ್ಲ.

"ಭಯ ಬೀಳಬೇಡಮ್ಮ," ಎಂದರು ಸಾಹೇಬರು, ಮಗಳಿಗೆ ಹೇಳುವಂತೆ. "ನೀನ್ಯಾಕೆ ಮರೀತೀಯ? ಮೇಡಂ ಬೇಕು ಅಂತಲೇ ಇದೊಂದು ಬಿಡು ಅಂದಿರ್ತಾರೆ. ಅಲ್ವಾ?" ಟೈಪ್ ಮಾಡಿದ ಹೇಳಿಕೆಯೊಂದನ್ನು ನನ್ನತ್ತ ತಳ್ಳಿದರು. "ಸೋಮವಾರ ವಿಚಾರಣೆ. ಅಷ್ಟರೊಳಗೆ ಸಹಿ ಹಾಕು. ನಿನ್ನ ಕೆಲಸ ಕಾಯಂ ಮಾಡೋ ಪತ್ರವೂ ನನ್ನ ಹತ್ರವೇ ಇದೆ. ಇಲ್ಲ, ನಾನೇ ಮರೆತೆ ಅಂತೀಯಾ? ಇಂಥ ಕಡತದಲ್ಲಿ ಮರೆಯೋರು ನಮಗೆ ಬೇಡ."

ನಾನು ಸಹಿ ಹಾಕಿದರೆ ಮೇಡಂ ಅಭಿಪ್ರಾಯ ರದ್ದಾಗುತ್ತದೆ, ಮೇಡಂ ಅಮಾನತಾಗುತ್ತಾರೆ, ಕಡತ ಸಾಹೇಬರ ಕಡೆಯವರ ಕೈ ಸೇರುತ್ತದೆ. ಇದು ತಿಳಿಯಲು ಕಾನೂನು ಓದಬೇಕಾಗಿರಲಿಲ್ಲ.

ಮನೆಯಲ್ಲಿ ಹೇಳಿದೆ. ನಾನಿರುವುದು ಅಕ್ಕನ ಮನೆಯಲ್ಲಿ. ಭಾವ ಬಸ್ ಡಿಪೋದಲ್ಲಿ ಮೆಕ್ಯಾನಿಕ್.

"ಆನೆ ಆನೆ ಗುದ್ದಾಡಿದ್ರೆ ಸಾಯೋದು ಗರಿಕೆ," ಎಂದಳು ಅಕ್ಕ. "ನಾಲ್ಕು ವರ್ಷದಿಂದ ಕಾಯ್ತಿದ್ದೀಯ ಕಾಯಂ ಆಗೋಕೆ. ಹಾಕಿಬಿಡೇ ಸಹಿ."

ಭಾವ ಉಗುರಿನ ಸಂದಿಯ ಗ್ರೀಸ್ ತೆಗೆಯುತ್ತಾ ಕೇಳಿದರು, "ಅಲ್ಲ, ನಿಜವಾಗ್ಲೂ ನೀನೇ ಮರೆತಿದ್ದಾ?"

"ಹೂಂ ಭಾವ."

"ನಾನೂ ಒಂದ್ಸಲ ಚಕ್ರದ ನಟ್ಟು ಬಿಗಿಯೋದು ಮರೆತಿದ್ದೆ. ಬಸ್ ಹೊರಡೋಕೆ ಮುಂಚೆ ಓಡಿಹೋಗಿ ಹೇಳ್ದೆ. ಬೈದ್ರು, ಬೈಸ್ಕೊಂಡೆ." ಅಷ್ಟು ಹೇಳಿ ಕೈ ತೊಳೆಯಲು ಎದ್ದರು. ಅಕ್ಕ ಅವರ ಬೆನ್ನಿಗೆ, "ಶುರುವಾಯ್ತು ಹರಿಶ್ಚಂದ್ರನ ವಂಶ," ಎಂದಳು.

ಸೋಮವಾರ ಉದ್ದ ಮೇಜಿನ ಒಂದು ತುದಿಯಲ್ಲಿ ಸಾಹೇಬರು, ಅವರ ಎರಡು ಪಕ್ಕಕ್ಕೆ ಕಾನೂನು ಇಲಾಖೆಯ ಇಬ್ಬರು ಅಧಿಕಾರಿಗಳು. ಇನ್ನೊಂದು ತುದಿಯಲ್ಲಿ ಮೇಡಂ, ಎಂದಿನ ಬೂದು ಸೀರೆಯಲ್ಲಿ, ಕನ್ನಡಕ ಒರೆಸುತ್ತಾ. ನನ್ನ ಮುಂದೆ ಅದೇ ಹೇಳಿಕೆ, ಪಕ್ಕದಲ್ಲಿ ಮುಚ್ಚಳ ತೆಗೆದ ಪೆನ್ನು. ನಾನು ಪೆನ್ನಿಗೆ ಮುಚ್ಚಳ ಹಾಕಿದೆ.

"ಸಾರ್, ಇದರಲ್ಲಿ ಇರೋದು ಸುಳ್ಳು. ಮೇಡಂ ಏನೂ ಹೇಳಿಲ್ಲ. ಪಟ್ಟಿ ಹಾಕೋದು ಮರೆತದ್ದು ನಾನು." ಧ್ವನಿ ನನ್ನದೇ ಎಂದು ನಂಬಲು ಎರಡು ಕ್ಷಣ ಬೇಕಾಯಿತು.

ಸಾಹೇಬರು ನಕ್ಕರು. "ಸರಿ, ಮರೆವೇ ಇರಲಿ. ಹೆಸರು ಕಂಡದ್ದು ಕಂಡಿತಲ್ಲ? ಕಂಡ ಮೇಲೂ ಮೇಡಂ ಅಭಿಪ್ರಾಯ ಬರೆದಿದ್ದಾರೆ. ತಮ್ಮ ನಿಯಮ ತಾವೇ ಮುರಿದಿದ್ದಾರೆ."

"ಕಡತದ ಹಿಂಬದಿ ದಾರ ಬಿಚ್ಚಿ," ಎಂದರು ಮೇಡಂ. ಅಷ್ಟೇ.

ಓದುವಾಗ ಅವರು ದಿನದಿನವೂ ಕೈಬರಹದಲ್ಲಿ ಟಿಪ್ಪಣಿ ಬರೆದು, ತಾವೇ ಹಿಂಬದಿಗೆ ಕಟ್ಟಿಡುತ್ತಿದ್ದರು. ನಾನು ಟೈಪ್ ಮಾಡುತ್ತಿದ್ದದ್ದು ಕೊನೆಯ ಒಂದು ಪುಟವನ್ನು ಮಾತ್ರ. ಸಾಹೇಬರು ಓದಿದ್ದೂ ಅದನ್ನಷ್ಟೇ. ಬಲಗಡೆಯ ಅಧಿಕಾರಿ ದಾರ ಬಿಚ್ಚಿ, ಹಾಳೆ ಹುಡುಕಿ, ಗಟ್ಟಿಯಾಗಿ ಓದಿದರು:

"ಪುಟ ನಲವತ್ತರವರೆಗೆ ಮೂವರು ಸಾಕ್ಷಿಗಳು, ಎರಡು ಪತ್ರಗಳು. ಒಂದನೆಯವರ ಮೇಲೆ ಮೊಕದ್ದಮೆ ಹೂಡಲು ಇಷ್ಟೇ ಸಾಕು. ಬೆಳಿಗ್ಗೆ ಹನ್ನೊಂದೂವರೆ, ಸಹಿ. ಪುಟ ನಲವತ್ತೊಂದರಲ್ಲಿ ಹೆಸರು ಕಣ್ಣಿಗೆ ಬಿತ್ತು. ಪಟ್ಟಿಗಳನ್ನು ಪರೀಕ್ಷಿಸಿ ಓದಲು ಕೂರುವ ಹೊಣೆ ನನ್ನದು, ತಪ್ಪೂ ನನ್ನದು. ಉಳಿದ ಪುಟಗಳನ್ನು ನಾನು ಓದುವುದಿಲ್ಲ. ಎದುರು ಕೋಣೆಯವರು ಓದಿ ತಮ್ಮ ಅಭಿಪ್ರಾಯ ಬೇರೆಯಾಗಿ ಬರೆಯಲಿ."

ಅದರ ಕೆಳಗೆ ಎದುರು ಕೋಣೆಯ ವಕೀಲರ ಗುಂಡು ಅಕ್ಷರ: ಉಳಿದ ಪುಟಗಳನ್ನು ಓದಿದ್ದೇನೆ. ಇದೇ ಅಭಿಪ್ರಾಯ.

ಸಾಹೇಬರು ನೀರು ಕುಡಿದರು. ಆ ಅಧಿಕಾರಿ ಕನ್ನಡಕದ ಮೇಲಿಂದ ಮೇಡಂ ಕಡೆ ನೋಡಿ, ಯಾಕೋ ಕುರ್ಚಿಯಲ್ಲಿ ನೆಟ್ಟಗೆ ಕೂತರು.

ಹೊರಗೆ ಮೆಟ್ಟಿಲ ಬಳಿ ಕೇಳಿದೆ, "ಅವತ್ತೇ ಯಾಕೆ ನಂಗೆ ಹೇಳ್ಲಿಲ್ಲ ಮೇಡಂ?"

"ಹೇಳಿದ್ರೆ ಮುಂದಿನ ಕಡತಕ್ಕೆ ನಿನ್ನ ಕೈ ನಡುಗೋದು," ಎಂದರು. "ನೀನ್ಯಾಕೆ ಶುಕ್ರವಾರವೇ ಬಂದು ನಂಗೆ ಹೇಳ್ಲಿಲ್ಲ?"

ಉತ್ತರಕ್ಕೆ ಕಾಯದೆ ಅವರು ನಕ್ಕು ಇಳಿದುಹೋದರು.

ಮಂತ್ರಿಯ ಮೇಲೆ ಮೊಕದ್ದಮೆ ದಾಖಲಾಯಿತು. ಆ ವಾರವೇ ಮೇಡಂಗೆ ದೂರದ ತರಬೇತಿ ಶಾಲೆಗೆ ವರ್ಗವಾಯಿತು. ನನ್ನ ಕಾಯಂ ಪತ್ರ ಸಾಹೇಬರ ಡ್ರಾಯರಿನಲ್ಲೇ ಉಳಿಯಿತು. ತಿಂಗಳ ಕೊನೆಗೆ ನನ್ನನ್ನೂ ಮನೆಗೆ ಕಳಿಸುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಪಟ್ಟಿ ಅಂಟಿಸುವ ಪದ್ಧತಿ ಇನ್ನು ಮುಂದೆ ಕಡ್ಡಾಯವಲ್ಲ ಎಂಬ ಸುತ್ತೋಲೆಯನ್ನು ಟೈಪ್ ಮಾಡಿದವಳೂ ನಾನೇ.

ಮಾರನೆಯ ಬೆಳಿಗ್ಗೆ ಎದುರು ಕೋಣೆಯ ವಕೀಲರು ಬಂದು, ಎರಡೂ ಕೈಯಲ್ಲಿ ಹಿಡಿದ ದಪ್ಪ ಕಡತವೊಂದನ್ನು ನನ್ನ ಮೇಜಿನ ಮೇಲಿಟ್ಟರು. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ.

"ಕಡ್ಡಾಯ ಅಲ್ಲ ಅಂತ ತಾನೇ ಬರೆದಿರೋದು? ಬೇಡ ಅಂತ ಬರೆದಿಲ್ವಲ್ಲ," ಎಂದರು. "ಅಂಟು ಉಳಿದಿದೆಯೇನಮ್ಮ?"

ಉಳಿದಿತ್ತು. ಸಂಜೆಯವರೆಗೆ ಅಂಟಿಸಿದೆ. ಮುಗಿದ ಮೇಲೆ ಮೊದಲ ಪುಟದಿಂದ ಮತ್ತೊಮ್ಮೆ ಸಾಲುಸಾಲು ಬೆರಳಿಟ್ಟು ನೋಡಿದೆ. ಅವರು ಕಡತ ತೆಗೆದುಕೊಂಡು ಹೋಗಿ, ಓದಲು ಕೂರುವ ಮೊದಲು, ಇನ್ನೊಮ್ಮೆ ತಾವೇ ನೋಡಿದರು.