ಬಾಗಿಲಲ್ಲೇ ಕೂತವರು

ತಲೆ ಮುಂದಕ್ಕೆ ವಾಲದಂತೆ ಹಣೆಗೆ ಸುತ್ತಿದ್ದ ಬಿಳಿ ಬಟ್ಟೆಯ ತುದಿಯನ್ನು ಲಕ್ಷ್ಮಣ ಗೋಡೆಯ ಮೊಳೆಗೆ ಬಿಗಿದು ಕಟ್ಟಿದ. ಮೈತುಂಬ ವಿಭೂತಿ ಧರಿಸಿ, ಪೀರನವಾಡಿಯ ತಮ್ಮ ಮನೆಯ ಪಡಸಾಲೆಯಲ್ಲಿ, ಬಾಗಿಲಿಗೆ ಮುಖ ಮಾಡಿ ಚನ್ನಬಸಯ್ಯನವರು ಕೂತರು. ಬದುಕಿದ್ದಾಗಲೂ ಅವರ ಜಾಗ ಅದೇ. ಮಗಳು ಕಾಲೇಜಿನಿಂದ ಬರುವುದು ತಡವಾದರೆ ಊಟಕ್ಕೂ ಏಳದೆ ಅಲ್ಲೇ ಕೂತಿರುತ್ತಿದ್ದರು. ಇವತ್ತು ಬೆಳಗ್ಗೆ ಎದೆನೋವೆಂದು ಅರ್ಧ ಚಹಾ ಬಿಟ್ಟು ಎದ್ದವರು, ಉಳಿದರ್ಧ ಕುಡಿಯಲು ಬರಲಿಲ್ಲ.

ಲಕ್ಷ್ಮಣ ಉದ್ಯಮಬಾಗದ ಸಣ್ಣ ಕಂಪನಿಯೊಂದರಲ್ಲಿ ಅವರ ಕೈಕೆಳಗೆ ದುಡಿದವನು. ಬೈಸಿಕೊಂಡದ್ದೇ ಹೆಚ್ಚು. ಗಂಡುಮಕ್ಕಳಿಲ್ಲದ ಆ ಮನೆಯಲ್ಲಿ ಈ ಹೊತ್ತು ಓಡಾಡುತ್ತಿದ್ದವನೂ ಅವನೇ.

ಮಧ್ಯಾಹ್ನ ಮೂರಕ್ಕೆ ಶವ ಎತ್ತುವುದೆಂದು ಚನ್ನಬಸಯ್ಯನವರ ಅಣ್ಣ ಗುರುಸಿದ್ದಯ್ಯ ತೀರ್ಮಾನಿಸಿದ್ದರು. ಒಬ್ಬಳೇ ಮಗಳು ಗಂಗಾದೇವಿ ಇನ್ನೂ ಬಂದಿರಲಿಲ್ಲ. ಖಾನಾಪುರದಾಚೆಯ ಹಳ್ಳಿಯಲ್ಲಿ ಆಕೆ ಶಿಕ್ಷಕಿ, ಅಲ್ಲಿ ಫೋನು ಹತ್ತುವುದಿಲ್ಲ.

"ಗಂಗಿ ಮಾರಿ ನೋಡೂತನಾ ಎತ್ತಬ್ಯಾಡ್ರಿ," ಎಂದಳು ಚನ್ನಬಸಯ್ಯನವರ ಹೆಂಡತಿ ಚಂದ್ರವ್ವ.

"ಹೇಳಿ ಕಳಿಸೇನಿ. ಖಾನಾಪುರದ ಔಷಧ ಅಂಗಡಿಗೆ ಫೋನ್ ಮಾಡೇನಿ. ಅಂವ ಕಂಡಕ್ಟರ್‌ಗೆ ಹೇಳ್ತಾನ, ಕಂಡಕ್ಟರ್ ಸಾಲಿ ಸಿಪಾಯಿಗೆ ಹೇಳ್ತಾನ. ತಡಾ ಆದ್ರ ಏನ ಮಾಡಾಕ ಬರತೈತಿ?" ಎಂದರು ಗುರುಸಿದ್ದಯ್ಯ.

ಮೊಳೆಯ ಮೇಲಿದ್ದ ಲಕ್ಷ್ಮಣನ ಕೈ ಅಲ್ಲೇ ನಿಂತಿತು.

*

ಎರಡು ವರ್ಷದ ಹಿಂದೆ ಚನ್ನಬಸಯ್ಯನವರೂ ಲಕ್ಷ್ಮಣನೂ ಲೋಹ ಕರಗಿಸುವ ಒಂದು ಫೌಂಡ್ರಿಗೆ ಪೆಟ್ಟಿಗೆಯೊಂದನ್ನು ಮಾಡುತ್ತಿದ್ದರು. ಒಳಗೊಂದು ಪುಟ್ಟ ಕಂಪ್ಯೂಟರ್. ಕುಲುಮೆಯನ್ನು ತಂಪಾಗಿಡುವ ನೀರು ನಿಂತರೆ ಕೊಳವೆಯ ಬಳಿಯ ಮೀಟರು ನೆಟ್‌ವರ್ಕ್ ತಂತಿಯಲ್ಲಿ ಸುದ್ದಿ ಕಳಿಸಬೇಕು, ಪೆಟ್ಟಿಗೆ ತಕ್ಷಣ ಕರೆಂಟು ಕಡಿಯಬೇಕು. ಆದರೆ ಬಂದ ಸುದ್ದಿಯನ್ನು ಮೊದಲು ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಈಸಿಕೊಂಡು, ಸಾಲಿನಲ್ಲಿ ನಿಲ್ಲಿಸಿ, ಆಮೇಲೆ ಇವರ ಪ್ರೋಗ್ರಾಮನ್ನು ಎಬ್ಬಿಸಿ ಕೊಡುತ್ತಿತ್ತು. ಪರೀಕ್ಷೆಯ ದಿನ ಸಿಸ್ಟಮ್ಮಿಗೆ ಬೇರೇನೋ ಕೆಲಸವಿತ್ತು. ಸುದ್ದಿ ಸಾಲಿನಲ್ಲೇ ಉಳಿಯಿತು. ಕುಲುಮೆ ಹಚ್ಚಿರಲಿಲ್ಲ, ಪುಣ್ಯ.

ಚನ್ನಬಸಯ್ಯನವರು ಒಂದು ತಿಂಗಳು ತಲೆ ಎತ್ತಲಿಲ್ಲ. ನಡುವಿನ ಸಿಸ್ಟಮ್ಮನ್ನೇ ಬದಿಗೆ ಸರಿಸಿ, ತಂತಿ ಬಂದು ಸೇರುವ ಕಾರ್ಡಿಗೆ ಪ್ರೋಗ್ರಾಮು ತಾನೇ ಕೈ ಹಾಕುವಂತೆ ಮಾಡಿದರು. ಯಾರಾದರೂ ಎಬ್ಬಿಸಲಿ ಎಂದು ಮಲಗದೆ, ಅದು ನಿದ್ದೆಯನ್ನೇ ಬಿಟ್ಟು, ಬಂತಾ, ಬಂತಾ ಎಂದು ಕಾರ್ಡನ್ನು ಕೇಳುತ್ತಲೇ ಇರುತ್ತಿತ್ತು. ಪೆಟ್ಟಿಗೆ ಬಿಸಿಯಾಯಿತು, ಫ್ಯಾನು ಹಾಕಬೇಕಾಯಿತು. ಕೆಲಸವಿಲ್ಲದಾಗಲೂ ಇದಕ್ಕೇನು ಇಷ್ಟು ದುಡಿಮೆ ಎಂದು ಮಾಲೀಕರು ನಕ್ಕರು.

"ನಾಕ ಮಂದಿ ಕೈ ದಾಟಿ ಬರೂ ಸುದ್ದಿ ನಂಬಿ ಕುಲುಮಿ ನಡಸಾಕ ಬರೂದಿಲ್ರಿ," ಎಂದಿದ್ದರು ಚನ್ನಬಸಯ್ಯನವರು. "ಬಾಗಲದಾಗ ನಾವ ಕುಂದರಬೇಕು."

*

ಲಕ್ಷ್ಮಣ ಯಾರಿಗೂ ಹೇಳದೆ ಬೈಕು ಹತ್ತಿದ.

ಖಾನಾಪುರದ ಬಸ್‌ಸ್ಟ್ಯಾಂಡಿನಲ್ಲಿ ಆ ಹಳ್ಳಿಯ ಬಸ್ಸು ಕೆಟ್ಟು ನಿಂತಿತ್ತು. ಅಂಗಡಿಯವನು ಹೇಳಿದ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಕಂಡಕ್ಟರ್ ಅದರ ಮೇಲೆ ಭಜಿ ತಿನ್ನುತ್ತಿದ್ದ. ಬೈದು ಪ್ರಯೋಜನವಿರಲಿಲ್ಲ, ಅವನು ಮಾಡಿದ ತಪ್ಪಾದರೂ ಏನು? ಲಕ್ಷ್ಮಣ ನೇರ ಶಾಲೆಗೆ ಹೋದ.

"ಅಕ್ಕಾರ, ಸರ್ ಹೋದ್ರು. ಗಾಡಿ ಹತ್ರಿ."

ಗಂಗಾದೇವಿ ಕೈಯಲ್ಲಿದ್ದ ಸೀಮೆಸುಣ್ಣ ಸಮೇತ ಹಿಂದೆ ಕೂತಳು. ಖಾನಾಪುರ ದಾಟಿದ ಮೇಲೆ ಕೇಳಿದಳು:

"ಎತ್ಯಾರೇನು?"

"ಗೊತ್ತಿಲ್ರಿ."

ಮೂರು ಆಗಲೇ ದಾಟಿತ್ತು. ಲಕ್ಷ್ಮಣನಿಗೆ ನಿಜಕ್ಕೂ ಹೆದರಿಕೆಯಾಯಿತು.

ಪೀರನವಾಡಿಯಲ್ಲಿ ಎಲ್ಲ ತಯಾರಾಗಿತ್ತು. ಕೂರಿಸಿ ಹೊತ್ತೊಯ್ಯುವ, ಹೂವು ಕಟ್ಟಿದ ವಿಮಾನ ಅಂಗಳದಲ್ಲಿತ್ತು, ಹೊರುವವರು ಹೆಗಲಿಗೆ ವಲ್ಲಿ ಹಾಕಿಕೊಂಡು ನಿಂತಿದ್ದರು, ಗುರುಸಿದ್ದಯ್ಯ ಗಡಿಯಾರ ನೋಡಿ ನೋಡಿ ಸೋತಿದ್ದರು. ಎತ್ತುವಂತಿರಲಿಲ್ಲ. ಹೊಸ್ತಿಲ ಮೇಲೆ ಅಡ್ಡಲಾಗಿ ಚಂದ್ರವ್ವ ಕೂತಿದ್ದಳು. ಏಳೆಂದು ಎಲ್ಲರೂ ಹೇಳಿ ಆಗಿತ್ತು. ಅವಳು ಜಗಳವಾಡಲಿಲ್ಲ, ಅಳಲಿಲ್ಲ, ಏಳಲೂ ಇಲ್ಲ. ಖಾನಾಪುರದ ಕಡೆಯಿಂದ ಯಾವ ಗಾಡಿ ಬಂದರೂ ಕತ್ತು ಚಾಚಿ ನೋಡುವುದು, ಮತ್ತೆ ಕೂರುವುದು. ಲಾರಿ ಬಂದರೂ ಅಷ್ಟೇ, ಹಾಲಿನ ಟೆಂಪೋ ಬಂದರೂ ಅಷ್ಟೇ.

ಬೈಕು ನಿಂತಿತು. ಚಂದ್ರವ್ವ ಎದ್ದು ಪಕ್ಕಕ್ಕೆ ಸರಿದಳು.

"ಒಳಗ ಬಾ, ಗಂಗೀ. ನಿಮ್ಮಪ್ಪಾರು ಬಾಗಲಾ ನೋಡ್ಕೋತ ಕುಂತಾರ."

ಗಂಗಾದೇವಿ ಹೊಸ್ತಿಲು ದಾಟಿದಳು. ಹಿಂದೆಯೇ ಚಂದ್ರವ್ವ, ಆ ಮಧ್ಯಾಹ್ನ ಮೊದಲ ಬಾರಿಗೆ, ರಸ್ತೆಗೆ ಬೆನ್ನು ತಿರುಗಿಸಿದಳು.