ಒಲೆಗೆ ಬಿದ್ದ ತೆನೆಗೊಂಬೆ

ಆಗಸ್ಟ್ ಒಂದನೇ ತಾರೀಕು ನಮ್ಮ ಲಾಮಸ್, ಮೊದಲ ಕೊಯ್ಲಿನ ಹಬ್ಬ. ಪ್ರಕೃತಿಯನ್ನು ಪೂಜಿಸುವ, ಜನ ಮಾಟಗಾತಿಯರದೆನ್ನುವ ವಿಕ್ಕ ಪಂಥ ಹಿಡಿದು ಇಪ್ಪತ್ತಾರು ವರ್ಷವಾದರೂ ನಾನು ಯಾವ ಗುಂಪಿಗೂ ಸೇರಿದವಳಲ್ಲ. ಡ್ರಿಫೀಲ್ಡ್ ಊರಿನ ನಮ್ಮ ಅಡುಗೆಮನೆಯಲ್ಲೇ ಬ್ರೆಡ್ಡು ಮಾಡಿ, ಗೋಧಿಯ ತೆನೆಗೊಂಬೆ ಹೆಣೆದು ಹಬ್ಬ ಮುಗಿಸುತ್ತೇನೆ. ಗಂಡ ಕ್ಲೈವ್‌ಗೆ ಇದರಲ್ಲಿ ನಂಬಿಕೆ ಇರುವುದು ಬ್ರೆಡ್ಡಿನ ಮೇಲೆ ಮಾತ್ರ.

ಅತ್ತೆ ಮೇವಿಸ್ ಸೊಂಟದ ಮೂಳೆ ಮುರಿದುಕೊಂಡು ನಮ್ಮಲ್ಲಿಗೆ ಬಂದ ಮೇಲೆ ಹಬ್ಬ ಕೊಂಚ ಬಿಗಿಯಾಯಿತು. ಎಂಬತ್ತಾರರ ಅವರು ಕಟ್ಟಾ ಕ್ರೈಸ್ತರು, ಮೆಥಡಿಸ್ಟ್ ಚರ್ಚಿನವರು. ಎರಡು ವರ್ಷ ನನ್ನ ಹಬ್ಬದ ದಿನ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡು ರೇಡಿಯೊ ಜೋರಾಗಿ ಇಟ್ಟಿದ್ದರು. ಬ್ರೆಡ್ಡನ್ನೂ ಮುಟ್ಟಿರಲಿಲ್ಲ. ಈ ಸಲ ರೇಡಿಯೊ ಕೆಟ್ಟಿತ್ತು. ಚಹಾಕ್ಕೆಂದು ಬಂದವರು ಮೇಜಿನ ಎದುರೇ ಕೂತರು.

ಪಕ್ಕದ ಹೊಲದವರನ್ನು ಕೇಳಿ ತಂದ ಗೋಧಿ ದಂಟು ನನ್ನ ಕೈಯಲ್ಲಿ ಬಗ್ಗಿಸಿದಲ್ಲೆಲ್ಲ ಸೀಳಿಹೋಗುತ್ತಿತ್ತು. ಮೂರನೆಯದು ಸೀಳಿಹೋದಾಗ ಅತ್ತೆಗೆ ತಡೆಯಲಾಗಲಿಲ್ಲ.

"ನೆನೆಸಿದ್ದೀಯೇನೇ ಲೋರ್ನಾ?"

"ಹತ್ತು ನಿಮಿಷ ನೆನೆಸಿದ್ದೆ."

"ಹತ್ತು ನಿಮಿಷಕ್ಕೆ ಮೈ ಒದ್ದೆಯಾಗತ್ತೆ, ಅಷ್ಟೆ. ಒಂದು ಗಂಟೆ ಬಿಡು. ಮಾಟಗಾತಿ ಅನ್ನಿಸ್ಕೊಂಡೋಳಿಗೆ ಇಷ್ಟೂ ಗೊತ್ತಿಲ್ವಾ?"

ಗಂಟೆ ಕಳೆದ ಮೇಲೆ ಐದು ದಂಟು ತಾವೇ ಎಳೆದುಕೊಂಡು, ತೆನೆಯ ಬುಡಕ್ಕೆ ದಾರ ಕಟ್ಟಿ ಹೆಣೆಯತೊಡಗಿದರು. ಬೆರಳುಗಳು ಗಂಟುಗಂಟಾಗಿದ್ದರೂ ಲೆಕ್ಕ ತಪ್ಪಲಿಲ್ಲ. ಯಾರು ಕಲಿಸಿದರೆಂದು ಕೇಳಿದೆ. ಅಜ್ಜಿ ಎಂದರು. ಕೈ ನಿಲ್ಲಿಸದೆಯೇ ಉಳಿದದ್ದನ್ನೂ ಹೇಳಿದರು.

ಅವರ ತವರಿಗೆ ಗುಡ್ಡದ ಮೇಲೆ ಜಮೀನಿತ್ತು. ಪ್ರತಿ ವರ್ಷ ಕೊಯ್ಲಿನ ಕೊನೆಯ ಕಂತೆಯಿಂದ ಅಜ್ಜಿ ಗೊಂಬೆ ಹೆಣೆದು ಒಲೆಯ ಮೇಲೆ ತೂಗುಹಾಕುತ್ತಿದ್ದರಂತೆ. ಒಮ್ಮೆ ಹೊಸ ಪಾದ್ರಿ ಮನೆಗೆ ಬಂದಿದ್ದಾಗ, ಒಂಬತ್ತು ವರ್ಷದ ಮೇವಿಸ್ ಜಂಬಕ್ಕೆ, ನಮ್ಮಜ್ಜಿ ದಿನಾ ಬೆಳಿಗ್ಗೆ ಗೊಂಬೆಗೆ ನಮಸ್ಕಾರ ಹೇಳುತ್ತಾರೆ ಎಂದುಬಿಟ್ಟಳು. ಪಾದ್ರಿ ನಕ್ಕರು. ಹೋಗುವಾಗ ಅಂಗಳದಲ್ಲಿ ಅಪ್ಪನ ಹತ್ತಿರ ವಿಗ್ರಹಪೂಜೆಯ ಪಾಪದ ಬಗ್ಗೆ ಏನೋ ಮಾತಾಡಿದರು. ಅಪ್ಪ ಒಳಗೆ ಬಂದವನೇ ಗೊಂಬೆ ಕಿತ್ತು ಒಲೆಗೆ ಹಾಕಿದ. ಅಜ್ಜಿ ನೋಡುತ್ತ ನಿಂತಿದ್ದರು.

"ಆಮೇಲೆ ಅವ್ರು ಹೆಣೀಲೇ ಇಲ್ಲ. ನನ್ನ ಬೈಲೂ ಇಲ್ಲ," ಎಂದರು ಅತ್ತೆ. "ಬೈದಿದ್ರೆ ಚೆನ್ನಾಗಿರ್ತಿತ್ತು."

ಅವರ ಕಣ್ಣು ಕಿಟಕಿಯ ಮೇಲಿದ್ದ ನನ್ನ ಹಳೆಯ ಗೊಂಬೆಯ ಕಡೆ ಹೋಯಿತು. ಹೋದ ವರ್ಷದ್ದನ್ನು ಏನು ಮಾಡುತ್ತೀ ಎಂದು ಕೇಳಿದರು. ಸುಳ್ಳು ಹೇಳಬಹುದಿತ್ತು. ಹಿತ್ತಿಲಲ್ಲಿ ಆಗಲೇ ಕಟ್ಟಿಗೆ ಜೋಡಿಸಿದ್ದೆ. ಪ್ರತಿ ಲಾಮಸ್‌ಗೂ ಹಳೆಯದನ್ನು ಬೆಂಕಿಗೆ ಒಪ್ಪಿಸುವುದು ನನ್ನ ರೂಢಿ. ಇದ್ದದ್ದನ್ನೇ ಹೇಳಿದೆ. ಅವರ ಕೈ ನಿಂತಿತು.

ನನಗೆ ಬೆಂಕಿಯೆಂದರೆ ಕೃತಜ್ಞತೆ. ಅದೇ ಬೆಂಕಿ ಇನ್ನೊಬ್ಬರಿಗೆ ಬೇರೆ ಏನೋ ಆಗಿರಬಹುದೆಂದು ಇಷ್ಟು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

"ಮಣ್ಣಿಗೂ ಹಾಕಬಹುದು, ಅತ್ತೆ," ಎಂದೆ.

"ನಮ್ಮಜ್ಜಿ ಮಣ್ಣಿಗೇ ಹಾಕ್ತಿದ್ರು. ಉಳುವಾಗ ಮೊದಲನೇ ಸಾಲಿಗೆ."

ಬೀನ್ಸ್ ಮಡಿಯ ಪಕ್ಕ ನಾನು ಗುಂಡಿ ತೋಡಿದೆ. ಅತ್ತೆ ವಾಕರ್ ಹಿಡಿದು ಹಿತ್ತಿಲ ಬಾಗಿಲವರೆಗೂ ಬಂದು, ಮಣ್ಣು ಮುಚ್ಚುವವರೆಗೂ ನಿಂತಿದ್ದರು. ಬ್ರೆಡ್ಡಿನ ಮೊದಲ ತುಂಡನ್ನು ಮುರಿದು ಭೂಮಿಗಿಟ್ಟು ನನ್ನ ಮಾತು ನಾನು ಹೇಳಿದೆ. ಅವರು ಕಣ್ಣು ಮುಚ್ಚಿ ತಮ್ಮ ದೇವರಿಗೆ ತಮ್ಮ ಪ್ರಾರ್ಥನೆ ಹೇಳಿಕೊಂಡರು. ಅವರದು ಉದ್ದವಾಯಿತು. ಕಾದೆ.

ಒಳಗೆ ಬಂದು ಅತ್ತೆ ಬೆಣ್ಣೆ, ಕರಂಟ್ ಹಣ್ಣಿನ ಜಾಮ್ ಹಚ್ಚಿಕೊಂಡು ಎರಡು ಹೋಳು ಬ್ರೆಡ್ಡು ತಿಂದರು. ಉಪ್ಪು ಕಮ್ಮಿಯಾಯಿತು ಎಂದರು. ಆಮೇಲೆ ನಾನು ಹೆಣೆದದ್ದನ್ನು ಎತ್ತಿ, ತಿರುಗಿಸಿ ನೋಡಿದರು.

"ಇದೇನು ಹಸು ಕಟ್ಟೋಕಾ? ಬಿಚ್ಚು. ಮೊದಲಿಂದ ತೋರಿಸ್ತೀನಿ."