ತಡವಾಗಿ ಕೊಟ್ಟ ರಿಪೋರ್ಟು

ಲಕ್ಷ್ಮೀಪುರಂನ ಆ ನರ್ಸಿಂಗ್ ಹೋಮಿಗೆ ಪ್ರೇಮಲೀಲಾ ಸೇರಿ ಇಪ್ಪತ್ತೆರಡು ವರ್ಷವಾಗಿತ್ತು. ಹೆಡ್ ನರ್ಸ್. ಬ್ಯಾಂಡೇಜು ಬಿಚ್ಚುವಾಗ ಬರುವ ವಾಸನೆಯಲ್ಲೇ ಗಾಯ ಕೀವಾಗುತ್ತದೋ ಇಲ್ಲವೋ ಹೇಳುತ್ತಾಳೆ ಎಂದು ಹೆಸರಾಗಿದ್ದವಳು. ಸರ್ಜನ್ ವಿಶ್ವನಾಥ್ ರೌಂಡ್ಸಿಗೆ ಬಂದರೆ ಮೊದಲು ಅವಳ ಮುಖ ನೋಡಿ, "ಏನಂತೀರಾ ಸಿಸ್ಟರ್?" ಎನ್ನುತ್ತಿದ್ದರು.

2003ರಲ್ಲಿ ಬಿಂದುಶ್ರೀ ಬಂದ ಮೇಲೆ ಆ ಮಾತು ಅವಳ ಕಡೆ ತಿರುಗಿತು. ಇಪ್ಪತ್ತಾರರ ಹುಡುಗಿ. ಆಸ್ಪತ್ರೆಯಲ್ಲಿ ಸೋಂಕು ಹರಡದಂತೆ ನೋಡಿಕೊಳ್ಳುವುದಕ್ಕೆಂದೇ ತರಬೇತಿ ಪಡೆದಿದ್ದಳು. ರೋಗಿಯನ್ನು ಮುಟ್ಟುವ ಮೊದಲು ಯಾರು ಕೈ ತೊಳೆದರು, ಯಾರು ಒಂದೇ ಗ್ಲೌಸಿನಲ್ಲಿ ಎರಡು ಹಾಸಿಗೆ ನೋಡಿದರು ಎಂದು ಬರೆದಿಟ್ಟುಕೊಳ್ಳುತ್ತಿದ್ದಳು. ಅವಳ ಮುದ್ದಾದ ಅಕ್ಷರವನ್ನೂ ಪ್ರೇಮಲೀಲಾಳಿಗೆ ಸಹಿಸಲಾಗುತ್ತಿರಲಿಲ್ಲ. ಬಿಂದು ಹೇಳಿದ ಹಾಗೆ ಮಾಡಿ ಎಂದು ಡಾಕ್ಟರು ಎಲ್ಲರೆದುರು ಹೇಳಿದ ದಿನ ಅವಳು ಊಟದ ಡಬ್ಬಿಯನ್ನು ಬಿಚ್ಚದೆ ಮನೆಗೆ ಒಯ್ದಳು.

ಆಷಾಢದಲ್ಲಿ ಆಪರೇಷನ್ ಆದ ನಾಲ್ವರಿಗೆ ಒಬ್ಬರಾದ ಮೇಲೊಬ್ಬರಂತೆ ಹೊಲಿಗೆ ಕೀವಾಯಿತು. ಬಿಂದುಶ್ರೀ ಟ್ರಾಲಿ, ನಲ್ಲಿ, ಇಕ್ಕಳ ಎಲ್ಲವನ್ನೂ ಹತ್ತಿಯಲ್ಲಿ ಒರೆಸಿ, ಗಾಯ ತೊಳೆಯುವ ನೀರನ್ನೂ ಸ್ವಲ್ಪ ತೆಗೆದು, ಲ್ಯಾಬಿಗೆ ಕಳುಹಿಸಿದಳು. ಇವಳಿಗೆ ಏನೂ ಸಿಗದಿರಲಿ ಎಂದು ಪ್ರೇಮಲೀಲಾ ಮನಸ್ಸಿನಲ್ಲೇ ಹಾರೈಸಿದಳು.

ಶನಿವಾರ ರಿಪೋರ್ಟು ಬಂದಾಗ ಬಿಂದುಶ್ರೀ ರಜೆಯಲ್ಲಿದ್ದಳು. ಲ್ಯಾಬಿನ ಜವರಯ್ಯ ಲಕೋಟೆಯನ್ನು ಪ್ರೇಮಲೀಲಾಳ ಕೈಗಿಟ್ಟು ಹೋದ. ಅವಳು ಒಡೆದು ಓದಿದಳು. ಗಾಯ ತೊಳೆಯುವ ಔಷಧಿ ನೀರಿನಲ್ಲೇ ರೋಗಾಣು ಬೆಳೆದಿತ್ತು. ಆ ನೀರನ್ನು ದೊಡ್ಡ ಕ್ಯಾನಿನಲ್ಲಿ ಬೆರೆಸಿ ಎಲ್ಲ ವಾರ್ಡಿನ ಜಾಡಿಗಳಿಗೂ ತುಂಬಿಸುತ್ತಿದ್ದವಳು ಅವಳೇ. ಹಳೆಯದನ್ನು ಚೆಲ್ಲದೆ, ಕ್ಯಾನನ್ನು ತೊಳೆಯದೆ, ಅದರ ಮೇಲೇ ಹೊಸದನ್ನು ಸುರಿಯುವುದು ಅವಳ ಹಳೆಯ ರೂಢಿ.

ಈ ಹುಡುಗಿ ಇದನ್ನು ಡಾಕ್ಟರ ಮುಂದೆ ಓದುವುದನ್ನು ನೆನೆದೇ ಅವಳ ಮೈ ಉರಿಯಿತು. ಲಕೋಟೆಯನ್ನು ಬ್ಯಾಗಿಗೆ ಹಾಕಿಕೊಂಡಳು. ಕ್ಯಾನನ್ನೂ ತನ್ನ ವಾರ್ಡಿನ ಜಾಡಿಯನ್ನೂ ಸದ್ದಿಲ್ಲದೆ ಖಾಲಿ ಮಾಡಿ, ಕುದಿಸಿದ ನೀರಿನಲ್ಲಿ ತೊಳೆದಿಟ್ಟಳು. ಮಹಡಿಯ ಮೇಲಿನ ಹೆಂಗಸರ ವಾರ್ಡಿನದೂ ಉಳಿದ ವಾರ್ಡುಗಳದೂ ಜಾಡಿಗಳು ನೆನಪಾದವು. ಹೋಗಿ ಚೆಲ್ಲಿದರೆ ಅಲ್ಲಿಯವರು ಯಾಕೆಂದು ಕೇಳುತ್ತಾರೆ. ಸೋಮವಾರ ನೋಡಿಕೊಂಡರಾಯಿತು ಎಂದುಕೊಂಡಳು.

ಸೋಮವಾರ ಬೆಳಿಗ್ಗೆ ಮೇಲಿನ ವಾರ್ಡಿನ ಮಂಚಮ್ಮನಿಗೆ ಚಳಿಜ್ವರ ಬಂದಿತ್ತು. ಶುಕ್ರವಾರ ಹರ್ನಿಯಾ ಆಪರೇಷನ್ ಆದವಳು, ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಕಸ ಗುಡಿಸುವವಳು. ಭಾನುವಾರ ಆ ಜಾಡಿಯ ನೀರಿನಲ್ಲೇ ಅವಳ ಗಾಯ ತೊಳೆದಿದ್ದರು. ಬ್ಯಾಂಡೇಜು ಬಿಚ್ಚುವ ಮೊದಲೇ ಪ್ರೇಮಲೀಲಾಳಿಗೆ ವಾಸನೆ ಗೊತ್ತಾಯಿತು.

ಅವಳು ನೇರ ಡಾಕ್ಟರ ಕೋಣೆಗೆ ಹೋದಳು. ಬಿಂದುಶ್ರೀಯೂ ಅಲ್ಲೇ ಇದ್ದಳು. ಲಕೋಟೆಯನ್ನು ಮೇಜಿನ ಮೇಲಿಟ್ಟು, "ಶನಿವಾರಾನೇ ಬಂದಿತ್ತು ಸಾರ್. ನಾನೇ ಇಟ್ಕೊಂಡ್ಬುಟ್ಟಿದ್ದೆ," ಎಂದಳು.

ಡಾಕ್ಟರು ಓದಿ ಯಾಕೆಂದು ಕೇಳಿದರು.

"ಇವಳ ಮೇಲಿನ ಹೊಟ್ಟೆಕಿಚ್ಚಿಗೆ."

ಬಿಂದುಶ್ರೀಯ ಮುಖ ಕೆಂಪಾಯಿತು. ಆದರೆ ಅವಳು ಕೇಳಿದ್ದು ಒಂದೇ. "ಆ ಕ್ಯಾನಿಂದ ಇನ್ನೂ ಎಲ್ಲೆಲ್ಲಿ ತುಂಬ್ಸಿದ್ರಿ ಪ್ರೇಮಕ್ಕ? ಬೇಗ ಹೇಳಿ." ಇಬ್ಬರೂ ಸೇರಿ ಮಧ್ಯಾಹ್ನದೊಳಗೆ ಏಳು ಜಾಡಿಗಳನ್ನು ಚೆಲ್ಲಿದರು.

ಹೆಡ್ ನರ್ಸ್ ಪಟ್ಟ ಹೋಯಿತು, ಬರೀ ನರ್ಸಾಗಿ ಉಳಿಸಿಕೊಂಡರು. ಪ್ರೇಮಲೀಲಾ ತಾನಾಗಿ ಕೇಳಿಕೊಂಡು ಮಂಚಮ್ಮನ ಡ್ರೆಸಿಂಗ್ ವಹಿಸಿಕೊಂಡಳು. ಎರಡನೆಯ ದಿನ, ಇದು ನನ್ನಿಂದಲೇ ಆಗಿದ್ದು ಎಂದು ಅವಳಿಗೂ ಹೇಳಿದಳು. ಮಂಚಮ್ಮ, "ಮೊದ್ಲು ವಾಸಿ ಮಾಡವ್ವ. ಬೈಯೋದು ಆಮ್ಯಾಕೆ," ಎಂದಳು.

ಗಾಯ ಕೂಡಲು ಹತ್ತೊಂಬತ್ತು ದಿನ ಹಿಡಿಯಿತು. ಮನೆಗೆ ಕಳುಹಿಸುವ ದಿನ ಡಾಕ್ಟರು ಹೊಲಿಗೆ ನೋಡಿ, ಏನಂತೀಯ ಎಂದು ಬಿಂದುಶ್ರೀಯನ್ನು ಕೇಳಿದರು. ಅವಳು ಕೊಟ್ಟ ಉತ್ತರ ಸರಿಯಾಗಿತ್ತು. ಪ್ರೇಮಲೀಲಾ ಹೇಳಿದ್ದರೂ ಅದನ್ನೇ ಹೇಳುತ್ತಿದ್ದಳು. ಪಕ್ಕದಲ್ಲಿ ಟ್ರೇ ಹಿಡಿದು ನಿಂತಿದ್ದ ಅವಳಲ್ಲಿ ಅದೇ ಹಳೆಯ ಹೊಟ್ಟೆಕಿಚ್ಚು ಎದ್ದಿತು. ಡಾಕ್ಟರು ಮುಂದಿನ ಹಾಸಿಗೆಗೆ ನಡೆದರು, ಪ್ರೇಮಲೀಲಾಳೂ ಹಿಂದೆ ಹೋದಳು.